ಕೆಂಚಕ್ಕನ ಹಾಲು ಆರುವ ತನಕ

ಹಾಲನ್ನು ಚರಂಡಿಗೆ ಚೆಲ್ಲಿದವಳು ನಾನೇ. ಸುತ್ತಿ ಬಳಸಿ ಹೇಳಿದಳು ಅಂತ ಆಮೇಲೆ ಯಾರೂ ಅನ್ನಬಾರದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಗುಡೇಕೋಟೆ ಕಡೆಯ ಸಣ್ಣ ಊರು. ಅಲ್ಲಿನ ಮಹಿಳಾ ಹಾಲು ಸಂಘಕ್ಕೆ ಶಾಂತಕುಮಾರಿ ಎಂಬ ನಾನು ಅಧ್ಯಕ್ಷೆ. ನನಗಿಂತ ಮುಂಚೆ ಅನ್ನದಾನಮ್ಮ ಅಧ್ಯಕ್ಷೆಯಾಗಿದ್ದಳು, ಹೆಸರಿಗೆ. ಕುರ್ಚಿ ಮೇಲೆ ಕೂತು ಮೀಸೆ ತಿರುವುತ್ತಿದ್ದವನು ಅವಳ ಗಂಡ ಬೆನಕಪ್ಪ. ಹೊಸ ಆಯ್ಕೆಯ ದಿನ ಅವನ ಎದುರಿಗೆ ಒಬ್ಬರೂ ಬಾಯಿ ಬಿಡಲಿಲ್ಲ. ಎದ್ದು ನಿಂತವಳು ಕೆಂಚಕ್ಕ ಒಬ್ಬಳೇ.

"ಈ ಸಲ ಕುರ್ಚಿ ಮ್ಯಾಲ ಹೆಂಗಸೇ ಕುಂದ್ರಲಿ. ನಮ್ಮ ಶಾಂತಿ ಕುಂದ್ರಲಿ" ಅಂದಳು. ಆಮೇಲೆ ಉಳಿದವರಿಗೂ ಧೈರ್ಯ ಬಂತು, ಕೈಗಳು ಎದ್ದವು.

ಕೆಂಚಕ್ಕನಿಗೆ ಗಂಡ ಇಲ್ಲ, ಒಂದು ಹಸು ಇದೆ. ಮನೆ ಡೈರಿಯ ಗೋಡೆಗೇ ಅಂಟಿಕೊಂಡಿದೆ. ದಿನಾ ಬೆಳಗ್ಗೆ ಹಾಲು ಹಾಕುವವರಲ್ಲಿ ಅವಳೇ ಮೊದಲು. "ನೊರಿ ಇಳಿಯೋದ್ರಾಗ ತಂದೀನಿ, ತಗಾ" ಎಂದು ಜಂಬದಿಂದ ಕ್ಯಾನು ಇಡುತ್ತಿದ್ದಳು. ಉಳಿದವರು ಹೊಲದ ಮನೆಗಳಿಂದ, ಆಚೆಯ ಹಟ್ಟಿಯಿಂದ ಅರ್ಧ ಗಂಟೆ ನಡೆದು ಬರುವವರು.

ಬೆನಕಪ್ಪ ಸುಮ್ಮನಿದ್ದನೇ? ಎದುರಿನ ಚಹಾದಂಗಡಿಯ ಬೆಂಚು ಹಿಡಿದು ಕೂತ. "ಹೆಂಗಸರ ಕಾರುಬಾರು. ಮುಲಾಜಿಗೆ ನೀರನ್ನೂ ಹಾಲು ಅಂತ ತಗಂತಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಇವನ ಮುಂದೆ ಒಂದು ದಿನ ನಾನೆಂಥವಳು ಅಂತ ತೋರಿಸಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಫೆಬ್ರವರಿಯಲ್ಲಿ ಹಾಲು ನೋಡುವ ಮಷೀನು ಕೆಟ್ಟು ರಿಪೇರಿಗೆ ಹೋಯಿತು. ಮೂಲೆಯಲ್ಲಿದ್ದ ಹಳೆಯ ಲ್ಯಾಕ್ಟೋಮೀಟರ್ ಹೊರಗೆ ತೆಗೆದೆವು. ಅದು ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ. ಇಪ್ಪತ್ತಾರು ಡಿಗ್ರಿ ಬಂದರೆ ಹಾಲು ಸರಿ, ಕಮ್ಮಿ ಬಂದರೆ ನೀರು ಬಿದ್ದಿದೆ ಎಂದು ಲೆಕ್ಕ. ಕಾರ್ಯದರ್ಶಿ ವಾಣಿಶ್ರೀಗೂ ನನಗೂ ಗೊತ್ತಿದ್ದದ್ದು ಅಷ್ಟೇ.

ಮೊದಲ ದಿನ ಕೆಂಚಕ್ಕನ ಹಾಲು ಇಪ್ಪತ್ತನಾಲ್ಕು ಬಂತು. ಆದರೂ ತೆಗೆದುಕೊಂಡೆವು. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಬೆನಕಪ್ಪ ಚಹಾ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದು, ಕಡ್ಡಿ ನೋಡಿ ನಕ್ಕ.

"ಓಟು ಹಾಕಿದಾಕಿ ಹಾಲು ಹೆಂಗ ಬಿಡಾಕ ಆಕ್ಕತಿ?"

ನನ್ನ ತಲೆ ಕೆಟ್ಟಿತು. ಕ್ಯಾನು ಎತ್ತಿದವಳೇ ಅಷ್ಟೂ ಹಾಲನ್ನು ಚರಂಡಿಗೆ ಸುರಿದೆ. ಸಾಲಿನಲ್ಲಿ ನಲವತ್ತು ಹೆಂಗಸರಿದ್ದರು.

"ಇಲ್ಲಿ ಯಾರಿಗೂ ಮುಲಾಜಿಲ್ಲ. ನೀರು ಹಾಕಿದ್ರ ಇದೇ ಗತಿ" ಎಂದೆ.

"ನನ್ನ ಹಸುವಿನ ಮ್ಯಾಲ ಆಣಿ, ಹನಿ ನೀರು ಹಾಕಿಲ್ಲ ಶಾಂತಿ" ಅಂದಳು ಕೆಂಚಕ್ಕ. ನಾನು ಮುಖ ತಿರುಗಿಸಿ "ಮುಂದಿನವರು ಬರ್ರಿ" ಎಂದೆ. ಅವಳು ಖಾಲಿ ಕ್ಯಾನು ಹಿಡಿದು ಹೋದಳು. ಬೆನಕಪ್ಪನ ನಗು ನಿಂತಿತ್ತು. ನಿಜ ಹೇಳುತ್ತೇನೆ, ಆವತ್ತು ನನಗೆ ಖುಷಿಯೇ ಆಗಿತ್ತು.

ವಾರ ಕಳೆಯುವಷ್ಟರಲ್ಲಿ ಅವಳಿಗೆ "ನೀರಿನ ಕೆಂಚಕ್ಕ" ಎಂದು ಹೆಸರು ಬಿತ್ತು. ಅವಳು ಡೈರಿಗೆ ಬರುವುದನ್ನು ಬಿಟ್ಟಳು. ಚಹಾದಂಗಡಿಯವನೂ ಅವಳ ಹಾಲು ಬೇಡವೆಂದ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟರೆ "ಹಾಲಿಗೋ, ಮನಿಗೋ?" ಎಂದು ಕೇಳಿ ನಗುತ್ತಿದ್ದರು. ನಕ್ಕವರೂ ಹೆಂಗಸರೇ.

ಮಾರ್ಚ್ ಎಂಟಕ್ಕೆ ಕೂಡ್ಲಿಗಿಯಲ್ಲಿ ಮಹಿಳಾ ದಿನಾಚರಣೆ. ಚರಂಡಿಗೆ ಹಾಲು ಚೆಲ್ಲಿದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ದಿಟ್ಟ ಅಧ್ಯಕ್ಷೆ ಎಂದು ನನಗೆ ಶಾಲು ಹೊದಿಸಿದರು. ಭಾಷಣ ಮಾಡಿದವರು ಯಾವ ಯಾವ ದೇಶಕ್ಕೆ ಹೆಂಗಸರು ಪ್ರಧಾನಿಯಾದರು, ಅಧ್ಯಕ್ಷರಾದರು ಎಂದು ಹೇಳುತ್ತಾ ಹೇಳುತ್ತಾ ಕೊನೆಗೆ ನನ್ನ ಹೆಸರಿಗೆ ಬಂದು ನಿಲ್ಲಿಸಿದರು. ಚಪ್ಪಾಳೆ ಬಿತ್ತು, ನಾನು ಉಬ್ಬಿ ಹೋದೆ.

ಊಟಕ್ಕೆ ಕೂತಾಗ ಪಕ್ಕದಲ್ಲಿ ದನದ ಡಾಕ್ಟರು ಮೌನೇಶ್ ಇದ್ದರು. ಅನ್ನ ಕಲಸುತ್ತಾ ಸುಮ್ಮನೆ ಕೇಳಿದರು.

"ಹಾಲು ಆರಿಸಿ ಡಿಗ್ರಿ ನೋಡಿದ್ರಲ್ಲಮ್ಮ?"

"ಆರಿಸಾದು ಯಾಕ್ರೀ ಸಾರ್?"

"ಆಗಷ್ಟೇ ಕರೆದ ಹಾಲು ಬಿಸಿ ಇರ್ತತಿ. ಬಿಸಿ ಹಾಲಿನಾಗ ಕಡ್ಡಿ ಕೆಳಗ ಇಳಿತತಿ, ಎರಡು ಡಿಗ್ರಿ ಕಮ್ಮಿ ತೋರಸ್ತತಿ. ನೀರು ಹಾಕದಿದ್ರೂ ಅಷ್ಟೇ."

ದೂರದಿಂದ ಬರುವವರ ಹಾಲು ದಾರಿಯ ಚಳಿಗೆ ಆರುತ್ತಿತ್ತು. ಬಿಸಿ ಹಾಲು ತರುತ್ತಿದ್ದವಳು ಊರಿಗೆಲ್ಲ ಅವಳೊಬ್ಬಳೇ.

ವಾಣಿಶ್ರೀಗೆ ಹೇಳಿದೆ. ಅವಳು ಹೆದರಿದಳು. "ಸುಮ್ನಿದ್ದು ಬಿಡ್ರಿ ಅಕ್ಕ. ಬೆನಕಪ್ಪ ಇದಕ್ಕಾ ಕಾಯಾಕ ಹತ್ಯಾನ. ತಪ್ಪಾತು ಅಂದ್ರಿ ಅಂದ್ರ ಹೆಂಗಸರಿಗೆ ಈ ಕುರ್ಚಿ ಮುಗೀತು."

ಸುಮ್ಮನಿದ್ದೆ. ಒಂದು ದಿನವಲ್ಲ, ನಾಲ್ಕು ದಿನ. ಹೆಂಗಸರೆಲ್ಲರ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಶಾಲು ಇನ್ನೂ ಗೂಟದ ಮೇಲಿತ್ತು, ಅದನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಐದನೇ ದಿನ ತಡೆಯಲಾಗದೆ ಕೆಂಚಕ್ಕನ ಕೊಟ್ಟಿಗೆಗೆ ಹೋಗಿ ಎಲ್ಲ ಹೇಳಿದೆ. ಅವಳು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

"ಅಂದಿದ್ದು ಎಲ್ಲಿ? ಅಲ್ಲೇ ಹೇಳು" ಅಂದಳು.

ಮರುದಿನ ಅಲ್ಲೇ ಹೇಳಿದೆ. ಸಾಲಿನ ಎದುರಿಗೆ, ಅವಳು ಮತ್ತೆ ತಂದ ಬಿಸಿ ಹಾಲಿಗೆ ಕಡ್ಡಿ ಇಳಿಬಿಟ್ಟೆ. ಇಪ್ಪತ್ತನಾಲ್ಕು. ಅದೇ ಹಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಆರಿಸಿ ನೋಡಿದೆ. ಇಪ್ಪತ್ತಾರೂವರೆ. "ಕೆಂಚಕ್ಕ ನೀರು ಹಾಕಿರಲಿಲ್ಲ. ತಪ್ಪು ನಂದು" ಎಂದೆ.

"ನೋಡಿದ್ರಾ, ಹೆಂಗಸರ ಕೈಗೆ ಕೊಟ್ರ ಹಿಂಗ!" ಎಂದು ಬೆನಕಪ್ಪ ಬೀದಿಯಿಂದಲೇ ಕೂಗಿದ. ಅವನು ಕುರ್ಚಿಯಲ್ಲಿದ್ದಾಗ ಎಷ್ಟು ಹಾಲು ಕೆಟ್ಟಿತ್ತೋ, ಆಗ ಯಾರೂ ಗಂಡಸರ ಕೈ ಅನ್ನಲಿಲ್ಲ. ಈಗ ನನ್ನನ್ನು ಇಳಿಸಲು ಸಹಿ ಹಾಕಿಸುತ್ತಿದ್ದಾನಂತೆ. ಹಾಕಿಸಲಿ. ಅದು ನನಗೆ ಅಷ್ಟೇನೂ ನೋಯುವುದಿಲ್ಲ.

ನೋಯುವುದು ಬೇರೆ. ಮಷೀನು ರಿಪೇರಿಯಾಗಿ ಬಂದಿದೆ, ಬಿಸಿ ಹಾಲಿಗೂ ಲೆಕ್ಕ ತಪ್ಪುವುದಿಲ್ಲವೆಂದು ಡಾಕ್ಟರೇ ಬಂದು ಎಲ್ಲರೆದುರು ತೋರಿಸಿದ್ದಾರೆ. ಆದರೂ ಕೆಂಚಕ್ಕ ಈಗ ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ಕತ್ತಲಿರುವಾಗಲೇ ಹಾಲು ಕರೆದು, ಡೈರಿಯ ಕಟ್ಟೆ ಮೇಲೆ ಕ್ಯಾನನ್ನು ಕಾಲ ನಡುವೆ ಇಟ್ಟುಕೊಂಡು ಕೂರುತ್ತಾಳೆ. ಆಗಾಗ ಮುಚ್ಚಳ ತೆಗೆದು ಬೆರಳು ಅದ್ದಿ ನೋಡುತ್ತಾಳೆ.

ನಿನ್ನೆ ಹೊರಗೆ ಹೋಗಿ ಅವಳ ಮುಂದೆ ಕೂತೆ. "ಬಾ ಅಕ್ಕ, ಬಿಸಿ ಇದ್ರೂ ನಡಿತತಿ" ಎಂದೆ.

ನಾನು ಹುಟ್ಟಿದಾಗಿನಿಂದ ನನ್ನನ್ನು ಶಾಂತಿ ಎಂದೇ ಕರೆದವಳು ಅವಳು.

"ಇನ್ನಾ ಆರಿಲ್ರಿ, ಅಧ್ಯಕ್ಷರ. ನೀವು ಒಳಗ ನಡೀರಿ" ಅಂದಳು.