ಕೋಡಿಯ ನೀರು, ನೀಲಾಂಬಿಕಾಳ ಗಿರಣಿ

ಶ್ರಾವಣದ ಸೋಮವಾರ, ಹೊತ್ತು ಏರುವ ಮೊದಲೇ, ಆಡೂರಿನ ಆಚೆಗಿರುವ ನಮ್ಮೂರ ಕೆರೆ ಕೋಡಿ ಬಿದ್ದಿತು. ತುಂಬಿದ ನೀರು ಹಳ್ಳಕ್ಕೆ ಧುಮುಕುವ ಆ ಸಪ್ಪಳಕ್ಕೆ ಸಣ್ಣಂದಿನಿಂದಲೂ ನನಗೆ ಎಚ್ಚರವಾಗುತ್ತದೆ.

ಈ ಸಲ ಕೋಡಿಯ ಕೆಳಗೆ ಸವಣೂರಿನ ಇಂಜಿನಿಯರ್ ಹುಡುಗಿ ಸಾಯಿಮಾ ಒಂದು ಕಬ್ಬಿಣದ ಚಕ್ರ ಕೂರಿಸಿದ್ದಳು. ಪೈಪಿನಲ್ಲಿ ಇಳಿದ ನೀರು ಅದನ್ನು ತಿರುಗಿಸಬೇಕು, ಅದರ ಕರೆಂಟಿನಿಂದ ನನ್ನ ಸೊಸೆ ನೀಲಾಂಬಿಕಾಳ ಹಿಟ್ಟಿನ ಗಿರಣಿ ನಡೆಯಬೇಕು. ಮಳೆಗಾಲದಲ್ಲಿ ಊರ ಕರೆಂಟು ಹೋದರೆ ದಿನಗಟ್ಟಲೆ ಬಾರದು. ಜನ ಜೋಳ ಹೊತ್ತು ಹಾನಗಲ್ಲಿಗೆ ಹೋಗುತ್ತಿದ್ದರು. ಗಿರಣಿ ಮುಚ್ಚುವ ಮಾತು ಮನೆಯಲ್ಲಿ ನಡೆದಿತ್ತು. ಚಕ್ರ ಕೊಟ್ಟ ಸಂಘದವರು ಅಂದು ಮಧ್ಯಾಹ್ನ ನೋಡಲು ಬರುವವರಿದ್ದರು. ಗಿರಣಿ ತಿರುಗದಿದ್ದರೆ ಚಕ್ರವನ್ನು ಚಿಕ್ಕೇರೂರಿಗೆ ಒಯ್ಯುತ್ತಿದ್ದರು.

ಗಿರಣಿ ತಿರುಗಿತು. ಅರ್ಧ ಬುಟ್ಟಿ ಜೋಳ ಹಿಟ್ಟಾಗುವಷ್ಟರಲ್ಲಿ ನಿಂತೇಬಿಟ್ಟಿತು.

ಸಾಯಿಮಾ ತಂತಿ ನೋಡಿದಳು, ಬೋಲ್ಟು ನೋಡಿದಳು. ಕೊನೆಗೆ ಪೈಪಿನ ಬಾಯಿಗೆ ಹೋಗಿ ನೋಡಿದರೆ, ಕಸ ತಡೆಯಲು ಹಾಕಿದ ಜಾಳಿಗೆಗೆ ಮೊರಗಳು ಅಂಟಿಕೊಂಡಿದ್ದವು. ಒಳಗೆ ಖಣ, ಹಸಿರು ಬಳೆ, ತೆಂಗಿನಕಾಯಿ. ಕೆರೆ ತುಂಬಿದ ದಿನ ಗಂಗವ್ವನಿಗೆ ಬಾಗಿನ ಬಿಡುವುದು ನಮ್ಮ ಹೆಂಗಸರ ಪದ್ಧತಿ.

ನೀಲಾಂಬಿಕಾ ತಲೆ ತಗ್ಗಿಸಿದಳು. "ಮೊದಲನೇದು ನಂದ ಐತಿ ತಂಗಿ. ಗಿರಣಿ ಚಲೋ ನಡೀಲಿ ಅಂತ ಬಿಟ್ಟೆ."

ಸಾಯಿಮಾ ನಕ್ಕಳು. "ಗಂಗವ್ವ ಬ್ಯಾಡ ಅಂದಿಲ್ರಿ ಅಕ್ಕಾರ. ಗಂಟಲದಾಗ ಸಿಕ್ಕೈತಿ ಅಷ್ಟ."

ಬಿಟ್ಟ ಬಾಗಿನ ತಿರುಗಿ ತೆಗೆಯಲು ಯಾರಿಗೂ ಧೈರ್ಯವಿಲ್ಲ. ಎಲ್ಲರೂ ಊರ ಹಿರಿಯಳಾದ ಅಡಿವೆವ್ವನ ಮುಖ ನೋಡಿದರು.

"ನನ್ನ ಮಾರಿ ಏನ ನೋಡ್ತೀರೆ? ಅಕಿ ಕೆರ್ಯಾಗೂ ಅದಾಳ, ಹಳ್ಳದಾಗೂ ಅದಾಳ. ಚಕ್ರ ತಿರುಗಿಸಿ ದಣದು ಬರ್ತಾಳಲ್ಲ, ಅಲ್ಲೇ ಉಡಿ ತುಂಬೂಣು ನಡೀರಿ."

ಹೆಂಗಸರು ಮೊರಗಳನ್ನೆತ್ತಿಕೊಂಡು ಚಕ್ರದ ಕೆಳಗಿನ ಹಳ್ಳಕ್ಕೆ ಹಾಡುತ್ತ ಇಳಿದರು. ಗಿರಣಿ ಮತ್ತೆ ಗುಂಯ್ ಎಂದಿತು.

ಸಂಘದ ಲಕ್ಷ್ಮಪ್ಪ ಬಂದಾಗ ಗಿರಣಿಯ ಮುಂದೆ ಪಾಳಿ ಹತ್ತಿತ್ತು. ಅವನು ಮೀಸೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, "ಇದು ಇಲ್ಲೇ ಇರ್ಲಿ. ಚಿಕ್ಕೇರೂರಿಗೆ ಇನ್ನೊಂದು ಮಾಡಿಸೂಣು," ಎಂದ.

"ಒಂದ ಯಾಕ್ರಿ?" ಎಂದಳು ಸಾಯಿಮಾ. "ಈ ಕಡೆ ಎಷ್ಟ ಕೆರಿ ಅದಾವ. ಎಲ್ಲಾ ಕೋಡಿ ಸುಮ್ಮನ ಧುಮುಕತಾವ."

ಮರುದಿನ ಅವಳು ಚೀಲ ಕಟ್ಟಿದಳು. ನೀಲಾಂಬಿಕಾ ಬಿಡಲಿಲ್ಲ, ಮಂಗಳವಾರ ನಾವು ಮನೆಮಗಳನ್ನು ಕಳಿಸುವುದಿಲ್ಲ. ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಹೊಸ ಹಿಟ್ಟಿನ ಗಂಟು ಹಿಡಿದು ಸಾಯಿಮಾ ಶಿಗ್ಗಾಂವಿಯ ಬಸ್ಸು ಹತ್ತಿ ಹೋದದ್ದು ಬುಧವಾರ.