ಪ್ರಲ್ಹಾದನ ಕೆಮ್ಮು

ಮದುವೆಯಾಗಿ ಐದು ವರ್ಷವಾದರೂ ಪ್ರಲ್ಹಾದನ ಬಾಯಿಂದ ಹೆಂಡತಿಯ ಹೆಸರು ಒಂದು ಸಲವೂ ಹೊರಬಿದ್ದಿರಲಿಲ್ಲ. ಹಾಗೆಂದು ಅವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಇದ್ದ ಪ್ರೀತಿಯೇ ನಾಲಿಗೆಗೆ ಅಡ್ಡ ಬರುತ್ತಿತ್ತು. ಮದುವೆಯ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿದರೇನೇ ಒಳಗೆ ಬಿಡುತ್ತೇವೆಂದು ಪಟ್ಟು ಹಿಡಿದಾಗ, ಅವನು ಕಿವಿಯವರೆಗೆ ಕೆಂಪಾಗಿ ಕಂಬದ ಹಾಗೆ ನಿಂತೇಬಿಟ್ಟ. ಅನ್ನ ಆರಿತು, ಸಾರು ಆರಿತು, ಹಸಿದ ಬೀಗರ ಮುಖವೂ ಬಿಗಿಯಿತು. ಕೊನೆಗೆ ಸೋದರತ್ತೆ ಅವನ ಪರವಾಗಿ ತಾನೇ ಹೆಸರು ಹೇಳಿ ಇಬ್ಬರನ್ನೂ ಒಳಗೆ ದಬ್ಬಿದಳು.

ಆಮೇಲೆ ಸಂಸಾರವೆಲ್ಲ ಕೆಮ್ಮಿನ ಮೇಲೆ ನಡೆಯಿತು. ಧಾರವಾಡ ಬಿಟ್ಟು ಪುಣೆಯ ಹತ್ತಿರದ ನಿಗಡಿಯಲ್ಲಿ ಮನೆ ಮಾಡಿದ್ದರು. ಪಕ್ಕದ ಪಿಂಪರಿಯ ಕಾರಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡಿ ಮನೆಗೆ ಬಂದವನು ಬಾಗಿಲಲ್ಲಿ ದಪ್ಪಗೆ ಕೆಮ್ಮಿದನೆಂದರೆ, ಚಹಾ ಇಡು ಎಂದು. ಗಂಟಲು ಕೆರೆದಂಥ ಒಣ ಕೆಮ್ಮು ನೀರಿಗೆ. ಊಟದ ನಡುವೆ ಮೆಲ್ಲಗೆ ಬಂದದ್ದು, ಪಲ್ಯಕ್ಕೆ ಉಪ್ಪು ಸಾಲದು, ಅವ್ವನ ಮುಂದೆ ಹೇಳಲಾರೆ ಎಂದು. ಹೆಂಡತಿ ಸುಲಭಾ ಪುಣೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ರೋಗಿಗಳ ನರಳಾಟದಲ್ಲೇ ಅರ್ಥ ಹುಡುಕುವವಳು. ಈ ಭಾಷೆ ಕಲಿಯಲು ಅವಳಿಗೆ ಬಹಳ ದಿನ ಬೇಕಾಗಲಿಲ್ಲ.

ಎಪ್ಪತ್ತೇಳರಲ್ಲಿ ಸುಲಭಾಗೆ ಕೆನಡಾದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳು ಹೋದಳು. ವರ್ಷ ತುಂಬುವ ಮೊದಲೇ ಗಂಡನನ್ನು ಕರೆಸಿಕೊಳ್ಳಲು ಕಾಗದಪತ್ರ ಕಳಿಸಿದಳು. ಪಕ್ಕದ ಮನೆಯ ಜಟ್ಟೆಪ್ಪ ಮೇಸ್ತ್ರಿಗೆ ಅದೇ ನಗೆಯಾಯಿತು.

"ಗಂಡಸರು ಹೋಗಿ ಹೆಂಡ್ರನ್ನ ಕರಸ್ಕೊಂಡಿದ್ದು ಕೇಳೀನ್ರಿ. ನಿಮ್ಮನ್ಯಾಗ ಗಾಡಿ ಹಿಂದಮುಂದ ಆತಲ್ರಿ ಪಲ್ಲಣ್ಣಾ!"

ಪ್ರಲ್ಹಾದ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವನನ್ನು ಕಾಡಿದ್ದು ಬೇರೆ. ಪಾಳಿ ಮುಗಿಸಿ ಬಂದು ರೂಢಿಯಂತೆ ಕೆಮ್ಮಿದರೆ ಅಡಿಗೆಮನೆಯಿಂದ ಯಾರೂ ಬರುತ್ತಿರಲಿಲ್ಲ. ಒಳಗಿನಿಂದ ತಾಯಿ ಗೋದಾಬಾಯಿ ಮಾತ್ರ, "ನೆಗಡಿ ಆತೇನೋ? ಕಷಾಯ ಕುದಸ್ಲೇನು?" ಎನ್ನುತ್ತಿದ್ದಳು. ಆ ವರ್ಷ ಅವನು ಕುಡಿದಷ್ಟು ಕಷಾಯವನ್ನು ಯಾವ ರೋಗಿಯೂ ಕುಡಿದಿರಲಿಕ್ಕಿಲ್ಲ.

ಮುಂಬಯಿಯಲ್ಲಿ ವೀಸಾ ಸಾಹೇಬರ ಮುಂದೆ ಕೂರುವ ದಿನ ಬಂತು. ನರ್ಸುಗಳನ್ನು ಕಾಗದದ ಮೇಲಷ್ಟೇ ಮದುವೆಯಾಗಿ ವಿಮಾನ ಹತ್ತುವವರು ಹೆಚ್ಚಾಗಿದ್ದಾರೆಂದು ಸಾಹೇಬರಿಗೆ ಅನುಮಾನ. ಅವರ ಪಕ್ಕದಲ್ಲಿ ದುಭಾಷಿ ಮೋಹನದಾಸ್, ಮಂಗಳೂರಿನ ಕಡೆಯವರು, ಇಸ್ತ್ರಿ ಹಾಕಿದ ಕನ್ನಡದವರು.

"ನಿಮ್ಮ ಹೆಂಡತಿಯ ಹೆಸರು ಹೇಳಿ."

ಪ್ರಲ್ಹಾದ ತನ್ನ ಮೊಣಕಾಲು ನೋಡಿಕೊಂಡ. ಬೆವರು ಒರೆಸಿಕೊಂಡ. ಕುಲದೇವರನ್ನು ನೆನೆದು, ತುಟಿಯೊಳಗೇ ಹೇಳಿದ: "ಸುಲಭಾರಿ."

"ಸುಲಭವೆಂದು ಹೇಳುತ್ತಾರೆ," ಎಂದು ಮೋಹನದಾಸ್ ಇಂಗ್ಲಿಷಿನಲ್ಲಿ ತಿಳಿಸಿದರು.

"ಸುಲಭವಾದರೆ ಹೇಳಲಿ," ಎಂದರು ಸಾಹೇಬರು.

"ಸುಲಭವಾದರೆ ಹೇಳಿ ಮಾರಾಯ್ರೆ!"

"ಹೇಳಿದ್ನೆಲ್ರಿ. ಸುಲಭಾರಿ."

"ಸುಲಭವೆಂದು ನನಗೂ ಗೊತ್ತುಂಟು. ಹೆಸರು ಯಾವುದು?"

"ಅದರಿ."

"ಅದರಿ ಅಂತ ಹೆಸರಾ?"

ಸಾಹೇಬರೇ ಅರ್ಜಿ ನೋಡಿ ಗಂಟು ಬಿಡಿಸಿದರು. ಆದರೆ ಮುಖ ಬಿಗಿದೇ ಇತ್ತು. ಒಟ್ಟಿಗೆ ಬಾಳಿದವರಿಗೆ ಗೊತ್ತಿರಬೇಕಾದ್ದನ್ನು ಕೇಳು ಎಂದರು. ಮೋಹನದಾಸ್ ಕೇಳಿದರು:

"ಬೆಳಿಗ್ಗೆ ನಿಮ್ಮ ಹೆಂಡತಿಗೆ ಯಾವ ತಿಂಡಿ?"

ಧಾರವಾಡದ ಕಡೆ ತಿಂಡಿಯೆಂದರೆ ಮೈತುರಿಕೆ. ಪ್ರಲ್ಹಾದನಿಗೆ ಸಿಟ್ಟೇ ಬಂತು. "ಏನ್ ಮಾತಾಡ್ತೀರಿ? ಆಕಿಗೆ ಎಂಥಾ ತಿಂಡೀನೂ ಇಲ್ಲ. ದಿನಾ ಎರಡ ಸಲ ಜಳಕಾ ಮಾಡ್ತಾಳ!"

ಮೋಹನದಾಸ್ ಒಂದಕ್ಷರ ಬಿಡದೆ ಅನುವಾದಿಸಿದರು. "ಆಕೆ ಬೆಳಿಗ್ಗೆ ಏನೂ ತಿನ್ನುವುದಿಲ್ಲವಂತೆ. ಬದಲಿಗೆ ಎರಡು ಸಲ ಸ್ನಾನ ಮಾಡುತ್ತಾಳಂತೆ."

ಸಾಹೇಬರು ಪೆನ್ನು ಕೆಳಗಿಟ್ಟು, ಕೊನೆಯದಾಗಿ, ಮನೆಯಲ್ಲಿ ಹೆಂಡತಿಯನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿಸಿದರು. ಪ್ರಲ್ಹಾದನಿಗೆ ಜೀವ ಬಂದಂತಾಯಿತು. ಇದೊಂದಕ್ಕೆ ಅವನ ಹತ್ತಿರ ಖರೇ ಉತ್ತರವಿತ್ತು. ನೆಟ್ಟಗೆ ಕೂತು ಎದೆ ತುಂಬ ಕೆಮ್ಮಿದ. ಸರಿಯಾಗಿ ತಿಳಿಯಲೆಂದು ಒಣ ಕೆಮ್ಮನ್ನೂ ಕೆಮ್ಮಿ ತೋರಿಸಿದ.

ಸಾಹೇಬರ ಕುರ್ಚಿ ತಾನಾಗಿಯೇ ಗೋಡೆಯವರೆಗೆ ಹಿಂದೆ ಹೋಯಿತು. ಮೂಗಿಗೆ ಕರವಸ್ತ್ರ ಬಂತು. ಎದೆಯ ಎಕ್ಸ್‌ರೇ ಹೊಸದಾಗಿ ತೆಗೆಸಬೇಕು, ಮುಂದಿನ ಸಲ ಹೆಂಡತಿಯೂ ಜೊತೆಗಿರಬೇಕು, ಆಗಲೂ ಅನುಮಾನ ಉಳಿದರೆ ಅರ್ಜಿ ಅಲ್ಲಿಗೇ ಮುಗಿಯಿತು ಎಂದು ಅಪ್ಪಣೆಯಾಯಿತು.

ಎಕ್ಸ್‌ರೇ ನೋಡಿದ ಪುಣೆಯ ಡಾಕ್ಟರು, ತೊಳೆದಿಟ್ಟ ಪಾತ್ರೆ ಇದ್ದಂಗ ಅದ ನಿಮ್ಮ ಎದಿ ಎಂದರು. ಎದೆಯ ಚಿಂತೆ ಮುಗಿಯಿತು, ನಾಲಿಗೆಯದು ಉಳಿಯಿತು. ಗೋದಾಬಾಯಿ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಹಂಗಾರ ಆಕಿ ಅಲ್ಲಿ, ನೀ ಇಲ್ಲಿ, ಹಿಂಗಽ ಮುದುಕರಾಗವ್ರೇನು? ಅನ್ನು. ಸು-ಲ-ಭಾ."

"ನಿನ್ನ ಮುಂದ ಹೆಂಗವ್ವಾ?"

"ಯವ್ವ, ನಾಚಿಕಿ ನೋಡು! ನಿಮ್ಮಪ್ಪಾನೂ ಹಿಂಗಽ ಕೆಮ್ಮಿ ಕೆಮ್ಮೀನೇ ಹೋದ್ರು. ನನ್ನ ಹೆಸರು ಅವ್ರಿಗೆ ಗೊತ್ತಿತ್ತೋ ಇಲ್ಲೋ ಆ ದೇವರೇ ಬಲ್ಲ. ನಾ ಧಾರವಾಡಕ್ಕ ನಿಮ್ಮಣ್ಣನ ಕಡೆ ಹೋಗಲಿಕ್ಕೆ ಗಂಟು ಕಟ್ಟಿ ಕೂತೀನಿ. ನೀ ಒಂದು ಹೆಸರು ಅನ್ನವಲ್ಲಿ!"

ತಾಯಿಯ ಮುಂದೆ ಆಗದ್ದನ್ನು ಅವನು ಕಾರಖಾನೆಯಲ್ಲಿ ಸಾಧಿಸಹೊರಟ. ಯಂತ್ರಗಳ ಗದ್ದಲದಲ್ಲಿ ಯಾರಿಗೆ ಏನು ಕೇಳೀತು? ಮೊದಲು ಪಿಸುಗುಟ್ಟಿದ. ಆಮೇಲೆ ಹೇಳಿದ. ನಾಲ್ಕೈದು ದಿನ ಕಳೆದು ಧೈರ್ಯ ಹೆಚ್ಚಿ, ಒಂದು ಮಧ್ಯಾಹ್ನ ಹೊಟ್ಟೆಯಾಳದಿಂದ "ಸುಲಭಾ!" ಎಂದು ಕೂಗಿದ. ಕರೆಂಟು ಹೋಗಲು ಅದೇ ಗಳಿಗೆಯನ್ನು ಕಾದಿತ್ತೋ ಏನೋ. ಯಂತ್ರಗಳೆಲ್ಲ ಒಮ್ಮೆಲೇ ನಿಂತವು, ಕೂಗೊಂದೇ ತಗಡಿನ ಚಾವಣಿಗೆ ಬಡಿದು ಇಡೀ ಶೆಡ್ಡಿನಲ್ಲಿ ಸುತ್ತಾಡಿತು. ಅಂದಿನಿಂದ ಗೇಟಿನ ಕಾವಲುಗಾರನೂ, "ಕಾಯ್ ಪ್ರಲ್ಹಾದರಾವ್, ಸುಲಭಾ ಕೀ ಅವಘಡ್?" ಎಂದು ಕೇಳತೊಡಗಿದ. ಮರಾಠಿಯಲ್ಲಿ ಅವಘಡವೆಂದರೆ ಕಷ್ಟ; ಸುಲಭವೋ ಕಷ್ಟವೋ ಎಂದು ಅವನ ಕೀಟಲೆ. ಪ್ರಲ್ಹಾದ ಹಾಜರಿ ಕಾರ್ಡು ಒತ್ತಿ ಒಳಗೆ ಹೋಗುತ್ತಿದ್ದ.

ಸುಲಭಾ ರಜೆ ಹಾಕಿ ಬಂದಳು. ಬಾಗಿಲಲ್ಲಿ ಅವಳನ್ನು ಕಂಡವನೇ, ಕಲಿತದ್ದನ್ನೆಲ್ಲ ಮರೆತು ಪ್ರಲ್ಹಾದ ದಪ್ಪಗೆ ಕೆಮ್ಮಿದ. ಅವಳು ಚೀಲ ಕೆಳಗಿಟ್ಟು, ಕೋಟು ಕೂಡ ಬಿಚ್ಚದೆ, ಚಹಾ ಇಡಲು ಹೋದಳು. ಗೋದಾಬಾಯಿ ಹಣೆ ಚಚ್ಚಿಕೊಂಡಳು.

ಮುಂಬಯಿಯ ಕಚೇರಿಯಲ್ಲಿ ಈ ಸಲ ಸಾಹೇಬರು ಅವನನ್ನೊಬ್ಬನನ್ನೇ ಒಳಗೆ ಕರೆದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಾಗಿಲ ಕಡೆ ಬೆರಳು ತೋರಿಸಿದರು.

"ನಿಮ್ಮ ಹೆಂಡತಿಯನ್ನು ನೀವೇ ಕರೆಯಬೇಕಂತೆ," ಎಂದರು ಮೋಹನದಾಸ್. "ಕೆಮ್ಮಬೇಡಿ ಮಾರಾಯ್ರೆ, ದಮ್ಮಯ್ಯ."

ಹೊರಗಿನ ಪಡಸಾಲೆ ತುಂಬ ಜನ. ದೂರದ ಬೆಂಚಿನ ತುದಿಯಲ್ಲಿ ಸುಲಭಾ ವಾರಪತ್ರಿಕೆಯಲ್ಲಿ ಮುಖ ಹುದುಗಿಸಿ ಕೂತಿದ್ದಳು. ಪ್ರಲ್ಹಾದ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ, ಕಾರಖಾನೆಯಲ್ಲಿ ಕಲಿತ ದನಿಯಲ್ಲೇ ಗರ್ಜಿಸಿದ: "ಸುಲಭಾ!"

"ಆಲೇ, ಆಲೇ!" ಎಂದು ಓಗೊಡುತ್ತ ಮುಂದಿನ ಬೆಂಚಿನಿಂದ ಅದೇ ಹೆಸರಿನ ದಪ್ಪನೆಯ ಮರಾಠಿ ಹೆಂಗಸೊಬ್ಬಳು ಎದ್ದು, ಅವನನ್ನು ಪಕ್ಕಕ್ಕೆ ಸರಿಸಿ, ಒಳಗೆ ಬಂದು ಸಾಹೇಬರ ಎದುರಿನ ಕುರ್ಚಿಯಲ್ಲಿ ತುಂಬಿಕೊಂಡಳು. ಸಾಹೇಬರು ಫೋಟೋ ನೋಡಿದರು, ಅವಳನ್ನು ನೋಡಿದರು, ಪ್ರಲ್ಹಾದನನ್ನು ನೋಡಿದರು. ಪೆನ್ನಿನ ಟೋಪಿ ತೆಗೆದರು.

ನಿಜವಾದ ಸುಲಭಾ ತಲೆ ಎತ್ತಿರಲಿಲ್ಲ. ಆ ಹೆಸರಿನಲ್ಲಿ ಆ ದನಿಯನ್ನು ಅವಳು ಜನ್ಮದಲ್ಲಿ ಕೇಳಿದವಳಲ್ಲ. ಯಾರೋ ಜವಾನ ಯಾರನ್ನೋ ಕರೆದ ಎಂದುಕೊಂಡು ಹಾಳೆ ತಿರುವಿದಳು. ಪ್ರಲ್ಹಾದನಿಗೆ ಎಲ್ಲ ಮುಗಿಯಿತೆನಿಸಿತು. ಬೇಕೆಂದು ಅಲ್ಲ, ಹೆದರಿಕೆಗೆ, ಸಣ್ಣಗೆ ಒಂದು ಒಣ ಕೆಮ್ಮು ಬಂತು.

"ಬಂದೆ, ಬಂದೆ," ಎಂದಿತು ದೂರದ ಬೆಂಚು.

ಸುಲಭಾ ಪತ್ರಿಕೆ ಬಿಟ್ಟು ಎದ್ದಳು. ಮೂಲೆಯ ಮಡಕೆಯಿಂದ ಲೋಟ ತುಂಬಿಸಿ, ಜನರ ನಡುವೆ ದಾರಿ ಮಾಡಿಕೊಂಡು ನೇರ ಒಳಗೆ ಬಂದು ಗಂಡನ ಕೈಗೆ ಕೊಟ್ಟಳು. ಅವನು ಗಟಗಟ ಕುಡಿದ.

ನೀರು ತಾ ಎಂದು ಯಾರು ಹೇಳಿದರು ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು.

"ಇವರು," ಎಂದಳು ಸುಲಭಾ ಇಂಗ್ಲಿಷಿನಲ್ಲೇ.

"ಇವರು ಏನೂ ಹೇಳಲಿಲ್ಲ."

"ಹೇಳಿದರಲ್ಲ!" ಎಂದಳು ಅವಳು, ಸಾಹೇಬರ ಕಿವಿಯ ಬಗ್ಗೆ ಅನುಮಾನ ಬಂದವಳಂತೆ.

ಸಾಹೇಬರಿಗೆ ಏನನ್ನಿಸಿತೋ, ತಾವೇ ಒಂದು ಸಲ ಕೆಮ್ಮಿ ಅವಳನ್ನು ನೋಡಿದರು. ಸುಲಭಾ ಅಲುಗಲಿಲ್ಲ. ಗಂಡನ ಕಡೆ ಬಾಗಿ, "ಈ ಸಾಹೇಬರ ಕೆಮ್ಮು ಖರೇನೇ ಕೆಮ್ಮು ಅದರಿ. ಎಕ್ಸ್‌ರೇ ಇವರು ತೆಗಸಬೇಕಾಗಿತ್ತು," ಎಂದಳು. ಇದೊಂದನ್ನು ಮೋಹನದಾಸ್ ಅನುವಾದಿಸಲಿಲ್ಲ. ಅವರು ಕಿಟಕಿಯ ಕಡೆ ತಿರುಗಿದ್ದರು, ಅವರ ಭುಜ ಕುಣಿಯುತ್ತಿತ್ತು.

ಸಾಹೇಬರು ಎದುರಿನ ಕುರ್ಚಿಯ ಸುಲಭಾಳನ್ನು ವಿನಯದಿಂದ ಹೊರಗೆ ಕಳಿಸಿ, ಅರ್ಜಿಯ ಮೇಲೆ ಒಪ್ಪಿಗೆಯ ಸಹಿ ಹಾಕಿದರು.

ಸಂಜೆಯ ಪುಣೆ ಗಾಡಿ ಕರ್ಜತ್ ದಾಟಿ ಘಾಟಿ ಹತ್ತುವಾಗ ಸುಲಭಾ ಕೇಳಿದಳು, "ಅಲ್ಲರೀ, ಆವಾಗ ಹೊರಗ ಕೂಗಿದ್ದು ನೀವಽ ಏನು?"

"ಹೂಂ."

"ನನ್ನ ಹೆಸರು?"

"ಹೂಂ."

"ನಾ ಗಮನಾನೇ ಕೊಡ್ಲಿಲ್ಲ ನೋಡ್ರಿ. ಇನ್ನೊಮ್ಮೆ ಅನ್ರಿ."

ಪ್ರಲ್ಹಾದ ಎದುರಿಗೆ ಕೂತವರನ್ನು ನೋಡಿದ. ಅಷ್ಟರಲ್ಲಿ ಗಾಡಿ ಸುರಂಗ ಹೊಕ್ಕಿತು. ಡಬ್ಬಿಯ ದೀಪ ಹತ್ತಿರಲಿಲ್ಲ. ಆ ಕತ್ತಲಲ್ಲಿ, ಗಾಲಿಗಳ ಸದ್ದಿನಲ್ಲಿ, ಅವನು ಅವಳ ಕಿವಿಯ ಹತ್ತಿರ ಬಾಗಿದ. ಬೆಳಕು ಬಂದಾಗ ಕಿಟಕಿಯ ಹೊರಗಿನ ಗುಡ್ಡವನ್ನು ಬಹಳ ಲಕ್ಷ್ಯಕೊಟ್ಟು ನೋಡುತ್ತಿದ್ದ.

ಸುಲಭಾ ಸೆರಗಿನಿಂದ ಕಿವಿ ಒರೆಸಿಕೊಂಡು, ನಗು ತಡೆದು ಹೇಳಿದಳು:

"ಏನೂ ಕೇಳಸಲಿಲ್ರಿ. ಇರ್ಲಿ, ಲೋಣಾವಳಾ ಬರೋತನಕಾ ಇನ್ನೂ ಭಾಳ ಸುರಂಗ ಅವ."