ಡೆನಿಸನ ಪರವಾಗಿ, ನನ್ನ ಕೈಯಿಂದ

ಡೆನಿಸ್ ಹ್ರಿಂಕೊ ಚೆಕ್ಕುಗಳನ್ನು ಮೇಜಿನ ಮೇಲೆ ಹರಡಿದ. ಮೇಜಿನ ತುಂಬ ಹಿಟ್ಟು. ಚೆಕ್ಕುಗಳ ಅಂಚಿಗೆ ಆಗಲೇ ಬಿಳಿ ಮೆತ್ತಿಕೊಂಡಿತು.

“ತೇತಾ, ಇದೇನು ಬರ್ದಿದೀರಾ?”

ವೆರ್ನಾ ಸಬೋಲ್ ತಲೆ ಎತ್ತಲಿಲ್ಲ. ಆಲೂಗಡ್ಡೆಯ ಉಂಡೆಯನ್ನು ಹಿಟ್ಟಿನ ಹಾಳೆಯ ನಡುವೆ ಇಟ್ಟು, ಮಡಚಿ, ಅಂಚನ್ನು ಹೆಬ್ಬೆರಳಿನಿಂದ ಚಿವುಟುತ್ತ ಬಂದಳು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶುಕ್ರವಾರ ಪಿರೋಹಿ ಎಂಬ ಈ ಕಡುಬನ್ನು ಬೇಯಿಸಿ ಮಾರುತ್ತಾರೆ. ಗುರುವಾರ ಹೆಂಗಸರೆಲ್ಲ ಸೇರಿ ತುಂಬಿಡಬೇಕು. ಡೆನಿಸನ ಅಜ್ಜಿಯೂ ಇದೇ ಮೇಜಿನಲ್ಲಿ ಕೂತು ಚಿವುಟಿದವಳು. ಹಾಗಾಗಿ ಮಾತು ಬಂದಾಗಿನಿಂದಲೂ ಅವನಿಗೆ ವೆರ್ನಾ ತೇತಾ, ಅಂದರೆ ಚಿಕ್ಕಮ್ಮ. ಈಗ ಅವನು ವಾಷಿಂಗ್ಟನ್ನಿನಲ್ಲಿದ್ದಾನೆ. ದುಡ್ಡು ಕೊಟ್ಟವರ ಪರವಾಗಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಸದಸ್ಯರ ಹತ್ತಿರ ಮಾತಾಡುವುದು ಅವನ ಕೆಲಸ.

“ಯಾವ್ದು?” ಎಂದಳು.

“ಇದು, ಕೆಳಗಡೆ. ‘ಡೆನಿಸ್ ಹ್ರಿಂಕೊ ಪರವಾಗಿ, ನನ್ನ ಕೈಯಿಂದ.’ ನೀವೊಬ್ರೇ ಅಲ್ಲ, ಎಲ್ರೂ ಇದನ್ನೇ ಬರ್ದಿದಾರೆ!”

“ಅವಳು ಹೇಳ್ಕೊಟ್ಲು, ನಾವು ಬರೆದ್ವಿ,” ಎಂದಳು ಎದುರಿಗೆ ಕೂತಿದ್ದ ಓಲ್ಗಾ ಟಿಮ್ಕೊ. “ಯಾಕೆ, ನಮ್ಮ ಅಕ್ಷರ ವಾಷಿಂಗ್ಟನ್ನಿನವರಿಗೆ ಹಿಡಿಸ್ಲಿಲ್ವಾ?”

ಹೆಂಗಸರು ನಕ್ಕರು. ಡೆನಿಸನೂ ನಗಲು ನೋಡಿದ.

ಎರಡು ವಾರದ ಹಿಂದೆ ಅವನು ಬಂದು ಪ್ರತಿಯೊಬ್ಬಳಿಗೂ ಒಂದು ಲಕೋಟೆಯಲ್ಲಿ ನಗದು ಕೊಟ್ಟಿದ್ದ. ಅಷ್ಟೇ ಮೊತ್ತಕ್ಕೆ ಅವರವರ ಖಾತೆಯಿಂದ ಊರಿನ ಕಾಂಗ್ರೆಸ್ ಸದಸ್ಯನ ಚುನಾವಣೆಗೆ ಚೆಕ್ಕು ಬರೆದುಕೊಟ್ಟರೆ ಸಾಕು, ಒಲೆಯ ಮೇಲೆ ಹೊಸ ಹೊಗೆಗೂಡು ತಾನು ಹಾಕಿಸಿಕೊಡುತ್ತೇನೆ ಎಂದಿದ್ದ. ಹಳೆಯ ಹೊಗೆಗೂಡನ್ನು ನೋಡಿದ ಅಗ್ನಿಶಾಮಕದವರು, ತಿಂಗಳೊಳಗೆ ಬದಲಾಯಿಸದಿದ್ದರೆ ಈ ಒಲೆ ಹಚ್ಚುವ ಹಾಗಿಲ್ಲ ಎಂದು ಹೇಳಿಹೋಗಿದ್ದರು. ಶುಕ್ರವಾರದ ವ್ಯಾಪಾರ ನಿಂತರೆ ಚಳಿಗಾಲದ ಗ್ಯಾಸ್ ಬಿಲ್ಲು ಕಟ್ಟಲು ಬೇರೆ ದಾರಿಯಿಲ್ಲ. ಬಿಲ್ಲು ಕಟ್ಟದಿದ್ದರೆ ಬಿಷಪ್ಪರು ಈ ಚರ್ಚನ್ನು ಮುಚ್ಚಿ ಹೊಳೆಯಾಚೆಯದಕ್ಕೆ ಸೇರಿಸುವುದು ಖಂಡಿತ. ಹೆಂಗಸರು ಎರಡನೇ ಮಾತಾಡದೆ ಬರೆದುಕೊಟ್ಟಿದ್ದರು.

“ಕಾಯಿಲೆ ಬಿದ್ದವರು ನಮ್ಮ ಕೈಲಿ ಕಾಣಿಕೆ ಕಳಿಸಿದ್ರೆ ಲಕೋಟೆ ಮೇಲೆ ಹಿಂಗೇ ತಾನೇ ಬರಿಯೋದು?” ಎಂದಳು ವೆರ್ನಾ. “ಕೊಟ್ಟೋರು ಅವರು, ತಂದೋರು ನಾವು. ನಿನ್ನ ಅಜ್ಜಿ ಮಂಡಿ ನೋವಲ್ಲಿ ಮಲಗಿದ್ದಾಗ ಅವಳದ್ದೂ ನಾನೇ ತಂದು ಹಾಕ್ತಿದ್ದೆ. ಅವಳ ಹೆಸರು ಬರೀದೆ ಒಂದು ದಿನ ಹಾಕಿದ್ದಿಲ್ಲ.”

“ಇದು ಚರ್ಚಿನ ಕಾಣಿಕೆ ಅಲ್ಲ, ತೇತಾ. ಅವನ ಚುನಾವಣಾ ಆಫೀಸಲ್ಲಿ ಲೆಕ್ಕ ನೋಡೋ ಹುಡುಗಿ ಇದನ್ನ ಗಟ್ಟಿಯಾಗಿ ಓದಿದ್ಲಂತೆ. ಆಫೀಸಿಗೆ ಆಫೀಸೇ ಸುಮ್ಮನಾಯ್ತಂತೆ.” ಅವನು ಕುರ್ಚಿ ಎಳೆದು ಕೂತ. “ಪುಣ್ಯಕ್ಕೆ ಬ್ಯಾಂಕಿಗೆ ಹಾಕಿರ್ಲಿಲ್ಲ. ಇವನ್ನ ಹರಿದು ಬೇರೆ ಬರೆದುಬಿಡಿ. ಆ ಜಾಗ ಖಾಲಿ ಬಿಡಿ. ಅಷ್ಟೇ.”

ಓಲ್ಗಾ ಕೈ ಒರೆಸಿಕೊಂಡು ಆಗಲೇ ತನ್ನ ಚೀಲ ಹುಡುಕುತ್ತಿದ್ದಳು.

“ಖಾಲಿ ಬಿಟ್ರೆ ನಾನು ಕೊಟ್ಟ ಹಾಗಾಗುತ್ತೆ,” ಎಂದಳು ವೆರ್ನಾ.

“ಹೂಂ, ಆಗ್ಲಿ. ನಿಮಗೇ ಒಳ್ಳೆ ಹೆಸರು.”

“ದುಡ್ಡು ನಿಂದೇನೋ?”

“ನಂದೇ ಅಂದ್ಕೊಳಿ.”

“ಅಂದ್ಕೊಳ್ಳೋದು ಬೇಡ. ನಿಂದಾ?”

ಡೆನಿಸ್ ತಟ್ಟೆಯಿಂದ ಒಂದು ಹಸಿ ಪಿರೋಹಿ ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟ. “ಒಂದು ಗೊಬ್ಬರದ ಕಂಪನಿ. ಸಮುದ್ರದ ಆಚೆಯದು, ಅಲ್ಲಿನ ಸರಕಾರದ್ದೇ. ನಮ್ಮಲ್ಲಿ ಅವರ ಮೇಲೆ ಹಾಕಿರೋ ಸುಂಕ ಇಳೀಬೇಕು. ನಮ್ಮ ಊರಿನ ಸದಸ್ಯ, ಈ ಪುಣ್ಯಾತ್ಮ, ಸುಂಕ ತೀರ್ಮಾನಿಸೋ ಸಮಿತಿಯಲ್ಲಿದಾನೆ. ಹೊರಗಿನವರು ಇಲ್ಲಿನ ಚುನಾವಣೆಗೆ ದುಡ್ಡು ಕೊಡೋ ಹಾಗಿಲ್ಲ, ಅದಕ್ಕೇ…”

“ಹಂಗಿದ್ರೆ ಕೊಡಬಾರ್ದು.”

“ಅವರು ಕೊಡ್ತಾ ಇಲ್ವಲ್ಲ, ತೇತಾ. ನೀವು ಕೊಡ್ತಾ ಇದೀರಿ.”

ವೆರ್ನಾ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಕೋಪವೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ಅವನು ಬಾಯಿ ಒರೆಸಿಕೊಳ್ಳದೆ ಓಡಿಬಂದಾಗ ನೋಡುತ್ತಿದ್ದಳಲ್ಲ, ಹಾಗೆ.

“ಏ ವೆರ್ನಾ, ಬರೆದು ಬಿಸಾಕೇ,” ಎಂದಳು ಓಲ್ಗಾ. “ಗೊಬ್ಬರದವರು ಬಡಿದಾಡ್ಕೊಂಡ್ರೆ ನಮಗೇನು? ಮೇಲೆ ನೋಡು ಒಂದು ಸಲ, ಹೊಗೆಗೂಡಿನ ತಗಡು ತೂತಾಗಿದೆ. ನನ್ನ ಮದುವೆ ಊಟ ಇಲ್ಲೇ ಆಗಿದ್ದು. ನನ್ನ ಗಂಡನ ತಿಥಿ ಊಟಾನೂ ಇಲ್ಲೇ.”

“ನನ್ನ ಮದುವೆ ಊಟಾನೂ ಇಲ್ಲೇ ಆಗಿದ್ದು, ಓಲ್ಗಾ.”

“ಮತ್ತೆ?”

ವೆರ್ನಾ ಇನ್ನೊಂದರ ಅಂಚು ಚಿವುಟಿದಳು. “ನನ್ನ ಹೆಸರು ಹಾಕೋಕಾಗಲ್ಲ,” ಎಂದಳು. “ನೀವು ಬರಿಯೋದಾದ್ರೆ ಬರೀರಿ. ನಾನು ಬೇಡ ಅನ್ನಲ್ಲ,” ಎಂದಳು.

ಡೆನಿಸ್ ಹಣೆ ಉಜ್ಜಿಕೊಂಡ. “ಹಾಗಾಗಲ್ಲ. ಎಲ್ರೂ ಮೊದಲು ಹಿಂಗೆ ಬರೆದಿದ್ದು ಅಲ್ಲಿ ಗೊತ್ತಾಗಿದೆ. ಒಬ್ರು ಹಿಂದೆ ಸರಿದ್ರೆ ಯಾಕೆ ಅಂತ ಕೇಳ್ತಾರೆ. ಎಲ್ರೂ ಬರೀಬೇಕು, ಇಲ್ಲಾಂದ್ರೆ ಯಾರೂ ಬೇಡ.” ದನಿ ತಗ್ಗಿಸಿದ. “ಹೊಗೆಗೂಡಿನವನಿಗೆ ಮಾತು ಕೊಟ್ಟಾಗಿದೆ, ತೇತಾ. ಇದನ್ನೆಲ್ಲ ಯಾರಿಗೋಸ್ಕರ ಮಾಡ್ತಿದೀನಿ ಹೇಳಿ?”

ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ವೆರ್ನಾಗೆ ಗೊತ್ತಿತ್ತು. ಅದೇ ಕಷ್ಟವಾಗಿತ್ತು. ಎದ್ದು ಕೈ ತೊಳೆದಳು. ಅವನು ಕೊಟ್ಟಿದ್ದ ನಗದಿನ ಲಕೋಟೆಯನ್ನು ಕೋಟಿನ ಒಳಜೇಬಿನಿಂದ ತೆಗೆದು ಅವನ ಮುಂದಿಟ್ಟಳು. ಅದನ್ನು ಇನ್ನೂ ಒಡೆದೇ ಇರಲಿಲ್ಲ.

ಬೇರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮನೆಯಿಂದ ತರುತ್ತೇನೆಂದು ಎದ್ದಳು. ಇನ್ನೊಬ್ಬಳು ಅಷ್ಟರಲ್ಲಿ ಸ್ವಲ್ಪ ಖರ್ಚಾಗಿದೆ, ಸೋಮವಾರ ಕೊಡಲೇ ಎಂದು ಮೆಲ್ಲಗೆ ಕೇಳಿದಳು. ಓಲ್ಗಾ ತನ್ನ ಲಕೋಟೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಎಸೆದಳು. ಹಿಟ್ಟು ಎದ್ದು ಅವಳ ಕನ್ನಡಕದ ಮೇಲೆ ಕೂತಿತು.

“ಸಂತೋಷಾನಾ?” ಎಂದು ವೆರ್ನಾಳನ್ನು ಕೇಳಿದಳು.

ಮುಂದಿನ ವಾರದ ಶುಕ್ರವಾರದ ಹೊತ್ತಿಗೆ ಅಗ್ನಿಶಾಮಕದವರು ಒಲೆಗೆ ಹಳದಿ ಪಟ್ಟಿ ಸುತ್ತಿದ್ದರು. ಬಂದವರಿಗೆ ಹಸಿ ಪಿರೋಹಿಯನ್ನು ಫ್ರೀಜರಿನಿಂದ ತೆಗೆದು ಪೊಟ್ಟಣದಲ್ಲಿ ಕೊಟ್ಟರು, ಮನೆಯಲ್ಲಿ ಬೇಯಿಸಿಕೊಳ್ಳಿ ಎಂದು. ಕೆಲವರು ತೆಗೆದುಕೊಂಡರು. ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆಯಿಲ್ಲದ್ದಕ್ಕೆ ಬಾಗಿಲಲ್ಲೇ ತಿರುಗಿಹೋದವರೂ ಇದ್ದರು. ಓಲ್ಗಾ ಬಂದಿದ್ದಳು, ವೆರ್ನಾಳ ಜೊತೆ ಮಾತಿಲ್ಲ.

ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಸ್ಟೀವ್ ಮಿಹಾಲಿಕ್ ಎಂದಿನಂತೆ ಎಲ್ಲರೂ ಹೋದಮೇಲೆ ಬಂದ. ಅವನಿರುವುದು ಬೀಗದಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ.

“ನನ್ನ ರೂಮಲ್ಲಿ ಒಲೆ ಇಲ್ವಲ್ಲ, ವೆರ್ನಾ,” ಎಂದ, ತನ್ನದೇ ತಪ್ಪೆನ್ನುವಂತೆ.

ಆದರೂ ದುಡ್ಡು ಕೊಟ್ಟು ಪೊಟ್ಟಣ ತೆಗೆದುಕೊಂಡ. ಟೋಪಿ ತೆಗೆದು, ಗೋಡೆಯ ಪಕ್ಕದ ತನ್ನ ಮಾಮೂಲು ಕುರ್ಚಿಯಲ್ಲಿ ಕೂತು, ಪೊಟ್ಟಣವನ್ನು ಮುಂದಿಟ್ಟುಕೊಂಡ. ಓಲ್ಗಾ ಕರೆಂಟಿನ ಕೆಟಲಿನಿಂದ ಅವನಿಗೊಂದು ಲೋಟ ಕಾಫಿ ತಂದಿಟ್ಟು, ವೆರ್ನಾಳನ್ನು ದಾಟಿ ಒಳಗೆ ಹೋದಳು. ಅವನು ಎರಡೂ ಕೈಗಳಿಂದ ಲೋಟ ಹಿಡಿದುಕೊಂಡು ಕೂತಿದ್ದ. ಪೊಟ್ಟಣದ ಮಂಜು ಕರಗಿ, ನೀರು ಮೇಜಿನ ಪ್ಲಾಸ್ಟಿಕ್ ಹಾಸಿನ ಮೇಲೆ ನಿಧಾನವಾಗಿ ಅವನ ಮೊಣಕೈಯ ಕಡೆಗೆ ಹರಿಯುತ್ತಿತ್ತು.